ರೋಮನ್ನರು ಬರುವ ಮುಂಚೆ ಟಿರೋಲ್ ಬೆಟ್ಟಗಳು ಖಾಲಿ ಇದ್ದವಾ?

ಶ್ರಾವಣಿ_ಮ್ಯೂನಿಕ್

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಯವರ ಜೊತೆ ಟಿರೋಲ್‌ನ ದಕ್ಷಿಣಕ್ಕೆ, ಇಟಲಿಯ ಬೋಲ್ಜಾನೋ ಊರಿಗೆ ಹೋಗಿದ್ದೆ. ಟಿರೋಲ್ ಅಂದರೆ ಆಸ್ಟ್ರಿಯ, ಇಟಲಿ ಎರಡೂ ಕಡೆ ಹಬ್ಬಿರುವ ಆಲ್ಪ್ಸ್ ಬೆಟ್ಟದ ನಾಡು. ಓಟ್ಜಿಯನ್ನು ನೋಡಬೇಕು ಅಂತ ಮಗಳು ಎರಡು ವರ್ಷದಿಂದ ಹಟ ಹಿಡಿದಿದ್ದಳು. ಅದೇ, ಹಿಮದಲ್ಲಿ ಸಿಕ್ಕಿದ 5,300 ವರ್ಷ ಹಳೆಯ ಮನುಷ್ಯ. ಮ್ಯೂಸಿಯಂನಲ್ಲಿ ಒಂದು ಪುಟ್ಟ ಕಿಟಕಿ ಇದೆ. ಅದರ ಆಚೆ ಮೈನಸ್ 6 ಡಿಗ್ರಿ ಚಳಿಯಲ್ಲಿ ಅವನು ಮಲಗಿದ್ದಾನೆ. ಒಬ್ಬೊಬ್ಬರೇ ಹತ್ತಿರ ಹೋಗಿ ನೋಡಬೇಕು. ನನ್ನ ಮಗಳು ಕಿಟಕಿಯಿಂದ ವಾಪಸ್ ಬಂದು ಒಂದೇ ಮಾತು ಕೇಳಿದಳು: "ಅಮ್ಮಾ, ಅವನ ಮನೆಯವರು ಎಲ್ಲಿದ್ದಾರೆ?"

ಆ ಪ್ರಶ್ನೆ ನನ್ನ ತಲೆಯಲ್ಲೂ ಉಳಿದುಬಿಟ್ಟಿದೆ. ವಾಪಸ್ ಬರುವಾಗ ಬಸ್ಸಿನಲ್ಲಿದ್ದ ಗೈಡ್ ಒಬ್ಬರು ಹೇಳಿದರು: "ಈ ಬೆಟ್ಟಗಳಲ್ಲಿ ರೋಮನ್ನರು ರಸ್ತೆ ಮಾಡುವ ತನಕ ಯಾರೂ ಇರಲಿಲ್ಲ. ಓಟ್ಜಿ ದಾರಿ ತಪ್ಪಿ ಬಂದ ಒಬ್ಬ ಒಂಟಿ ಮನುಷ್ಯ." ನನಗೆ ಯಾಕೋ ನಂಬಿಕೆ ಬರಲಿಲ್ಲ. ಅಷ್ಟು ಚೆನ್ನಾಗಿ ಹೊಲಿದ ಬಟ್ಟೆ, ಅಷ್ಟೊಂದು ಸಾಮಾನು ಇಟ್ಟುಕೊಂಡವನು ದಾರಿ ತಪ್ಪಿದವನು ಹೇಗಾಗುತ್ತಾನೆ?

ಇನ್ನೊಂದು ವಿಷಯ. ಅಲ್ಲಿ ಪ್ರತಿ ಊರಿಗೂ ಎರಡು ಹೆಸರು, ಕೆಲವು ಕಡೆ ಮೂರು. ಜರ್ಮನ್, ಇಟಾಲಿಯನ್, ಆಮೇಲೆ ಲಾದಿನ್ ಅನ್ನೋ ಭಾಷೆ. ಇವರೆಲ್ಲ ಯಾವಾಗ ಬಂದರು? ಓಟ್ಜಿಯಿಂದ ಹಿಡಿದು ಕೋಟೆ ಕಟ್ಟಿದ ರಾಜರ ತನಕ ಅಲ್ಲಿ ಏನೇನು ನಡೆಯಿತು ಅಂತ ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳ್ತೀರಾ? ಮಗಳಿಗೆ ಹೇಳಬೇಕು.

ಗಡಿಯಾರ_ಗೋಪುರ

ಓಟ್ಜಿ ದಾರಿ ತಪ್ಪಿದವನಲ್ಲ. ಅವನನ್ನು ಯಾರೋ ಹಿಂದಿನಿಂದ ಬಾಣ ಬಿಟ್ಟು ಕೊಂದಿದ್ದಾರೆ. ಎಡ ಭುಜದೊಳಗೆ ಕಲ್ಲಿನ ಬಾಣದ ತುದಿ ಇರುವುದು 2001ರಲ್ಲಿ ಎಕ್ಸ್‌ರೇಯಲ್ಲಿ ಗೊತ್ತಾಯಿತು. ಉಳಿದದ್ದಕ್ಕೆ ಕೆರೆಏರಿ ಅವರು ಬಂದರೆ ಒಳ್ಳೆಯದು, ಅವರು ಟಿರೋಲ್‌ನ ಆಸ್ಟ್ರಿಯ ಕಡೆಯ ಇನ್ಸ್‌ಬ್ರುಕ್‌ನಲ್ಲೇ ಇದ್ದಾರೆ. ಊರ ಹೆಸರಿನ ವಿಷಯಕ್ಕೆ ನಾನು ಕೇಳಿದ್ದು ಒಂದು: ಆಲ್ಪ್ಸ್ ಸಾಲು ದಾಟುವ ಬ್ರೆನ್ನರ್ ಕಣಿವೆದಾರಿಗೆ ಆ ಹೆಸರು ಬಂದದ್ದು ಬ್ರೆಯುನಿ ಅನ್ನೋ ಹಳೇ ಬುಡಕಟ್ಟಿನಿಂದ.

ಕೆರೆಏರಿ

ಶ್ರಾವಣಿ ಅವರೇ, ನಿಮ್ಮ ಮಗಳ ಪ್ರಶ್ನೆ ಓದಿ ರಾತ್ರಿ ಊಟ ಆದಮೇಲೆ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ನಾನು ಹಾಸನದ ಕಡೆಯವನು. ಇನ್ಸ್‌ಬ್ರುಕ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಬಂದ ಹೊಸದರಲ್ಲಿ ನಾನೂ ನಿಮ್ಮ ಗೈಡ್ ಹಾಗೇ ತಿಳಿದುಕೊಂಡಿದ್ದೆ. ಬೆಟ್ಟ ಅಂದರೆ ಗೋಡೆ. ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ. ಭೂಪಟದಲ್ಲೂ ಹಾಗೇ ಕಾಣುತ್ತೆ, ಆಲ್ಪ್ಸ್‌ನ ಮುಖ್ಯ ಸಾಲಿನ ಮೇಲೇ ಆಸ್ಟ್ರಿಯ ಮತ್ತು ಇಟಲಿಯ ಗಡಿ ಗೆರೆ ಇದೆ. ಆದರೆ ಆ ಗೆರೆ ಎಳೆದದ್ದು 1919ರಲ್ಲಿ, ಮೊದಲ ಮಹಾಯುದ್ಧ ಮುಗಿದಮೇಲೆ. ಅದಕ್ಕೂ ಮುಂಚಿನ ಹತ್ತು ಸಾವಿರ ವರ್ಷ ಆ ಸಾಲು ಜನರಿಗೆ ಹೊಸ್ತಿಲಾಗಿತ್ತು. ದಾಟುವುದಕ್ಕೇ ಇದ್ದದ್ದು. ಇಲ್ಲಿನ ಇತಿಹಾಸ ಓದುವಾಗ ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಉಳಿದದ್ದು ತಾನೇ ಜೋಡಿಸಿಕೊಳ್ಳುತ್ತೆ.

ಹತ್ತು ಸಾವಿರ ಅಂತ ಸುಮ್ನೆ ಹೇಳಿದ್ದಲ್ಲ. ಇನ್ಸ್‌ಬ್ರುಕ್‌ನ ನೈಋತ್ಯಕ್ಕೆ ಫೋಟ್ಷರ್ ಅನ್ನೋ ಕಣಿವೆ ಇದೆ. ಅಲ್ಲಿ 1,869 ಮೀಟರ್ ಎತ್ತರದಲ್ಲಿ ಉಲ್ಲಾಫೆಲ್ಸೆನ್ ಅನ್ನೋ ಒಂದು ಬಂಡೆ. ಅದರ ಮೇಲೆ ಹಿಮಯುಗ ಮುಗಿದಮೇಲಿನ ಬೇಟೆಗಾರರ ಬೀಡು ಸಿಕ್ಕಿದೆ. ಬೆಂಕಿ ಹಾಕಿದ ಜಾಗ, ಕಲ್ಲಿನ ಸಣ್ಣ ಸಣ್ಣ ಚೂರಿಗಳು. ಆ ಚೂರಿಗಳ ಕಲ್ಲು ಎಲ್ಲಿಂದ ಬಂದದ್ದು ಅಂತ ನೋಡಿದಾಗ ಒಂದಷ್ಟು ಉತ್ತರದ ಬವೇರಿಯಾದ ಕಡೆಯದು, ಒಂದಷ್ಟು ದಕ್ಷಿಣದ ನೋನ್ ಕಣಿವೆಯದು, ಅಂದರೆ ಈಗಿನ ಇಟಲಿಯದು. ಒಂದೇ ಬೆಂಕಿಯ ಸುತ್ತ ಬೆಟ್ಟದ ಎರಡೂ ಕಡೆಯ ಕಲ್ಲು! ಆ ಬಂಡೆಯ ಮೇಲೆ ನಾನು ಒಂದು ಮಧ್ಯಾಹ್ನ ಕೂತು ಚಪಾತಿ ತಿಂದಿದ್ದೇನೆ. ಮೂರು ದಿಕ್ಕಿನ ಕಣಿವೆ ಪೂರಾ ಕಾಣುತ್ತೆ. ಬೇಟೆಯವರು ಅಲ್ಲೇ ಯಾಕೆ ಕೂತರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ದಕ್ಷಿಣದಲ್ಲಿ ಡೊಲೊಮೈಟ್ಸ್ ಬೆಟ್ಟಗಳಲ್ಲಿ, ಮೊಂಡೆವಾಲ್ ದೆ ಸೋರ ಅನ್ನೋ ಕಡೆ, 2,150 ಮೀಟರ್ ಎತ್ತರದಲ್ಲಿ ಸುಮಾರು 8,000 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿತು. ಒಂದು ದೊಡ್ಡ ಬಂಡೆಯ ನೆರಳಿನಲ್ಲಿ ಒಬ್ಬ ಬೇಟೆಗಾರನನ್ನು ಅವನ ಸಾಮಾನುಗಳ ಸಮೇತ ಮಣ್ಣು ಮಾಡಿದ್ದರು. ಖಾಲಿ ಬೆಟ್ಟದಲ್ಲಿ ಯಾರು ಯಾರಿಗೆ ಮಣ್ಣು ಮಾಡುತ್ತಾರೆ?

ಈಗ ಓಟ್ಜಿ. ಅವನು ಸಿಕ್ಕಿದ್ದು 1991ರ ಸೆಪ್ಟೆಂಬರ್ 19ಕ್ಕೆ, 3,210 ಮೀಟರ್ ಎತ್ತರದಲ್ಲಿ, ಟಿಸೆನ್ ಕಣಿವೆದಾರಿಯ ಪಕ್ಕ. ಮೊದಲು ಆಸ್ಟ್ರಿಯದವರು ಇನ್ಸ್‌ಬ್ರುಕ್‌ಗೆ ಹೊತ್ತು ತಂದರು. ಆಮೇಲೆ ಅಳತೆ ಮಾಡಿದರೆ ಗಡಿಯಿಂದ ಸುಮಾರು 93 ಮೀಟರ್ ಇಟಲಿಯ ಒಳಗಿದ್ದಾನೆ. ಹಾಗಾಗಿ ಈಗ ಬೋಲ್ಜಾನೋದಲ್ಲಿದ್ದಾನೆ.

ಅವನ ಹತ್ತಿರ ಇದ್ದ ಸಾಮಾನುಗಳಲ್ಲಿ ಎಲ್ಲರೂ ಕೊಡಲಿ ನೋಡುತ್ತಾರೆ. ನನಗೆ ಇಷ್ಟ ಆದದ್ದು ಬರ್ಚ್ ಮರದ ತೊಗಟೆಯ ಡಬ್ಬಿ. ಎರಡಿತ್ತು. ಒಂದರ ಒಳಗೆ ಮೇಪಲ್ ಎಲೆಗಳು ಸಿಕ್ಕವು, ಜೊತೆಗೆ ಇದ್ದಿಲಿನ ಚೂರು. ಕೆಂಡವನ್ನು ಹಸಿ ಎಲೆಯಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟುಕೊಂಡು ಹೊರಟಿದ್ದ. ಎಲೆಗಳು ಕಿತ್ತಾಗ ಹಸಿರಾಗಿದ್ದವು ಅಂತ ಈಗಲೂ ಗೊತ್ತಾಗುತ್ತೆ. ಮೇಪಲ್ ಮರ ಅಷ್ಟು ಎತ್ತರದಲ್ಲಿ ಬೆಳೆಯೋದಿಲ್ಲ, ಕೆಳಗೆ ಕಾಡಿನಲ್ಲಿ ಕಿತ್ತದ್ದು. ನಮ್ಮಜ್ಜಿ ಪಕ್ಕದ ಮನೆಯಿಂದ ತೆಂಗಿನ ಚಿಪ್ಪಿನಲ್ಲಿ ಕೆಂಡ ತರುತ್ತಿದ್ದದ್ದು ನನಗೆ ನೆನಪಿದೆ. ಕೆಂಡ ಹೊತ್ತುಕೊಂಡು ಹೋಗುವವನಿಗೆ ದಾರಿ ಗೊತ್ತಿರುತ್ತೆ.

ಕೊಡಲಿಯ ಅಲಗು ಒಂಬತ್ತೂವರೆ ಸೆಂಟಿಮೀಟರ್, ಹೆಚ್ಚುಕಡಿಮೆ ಅಪ್ಪಟ ತಾಮ್ರ. ಹಿಡಿ ಯೂ ಮರದ್ದು. ಬರ್ಚ್ ಅಂಟು ಮೆತ್ತಿ ಚರ್ಮದ ಪಟ್ಟಿ ಸುತ್ತಿದ್ದಾರೆ. ಆ ತಾಮ್ರದ ಮೂಲ ಹುಡುಕಿದಾಗ ಅದು ಮಧ್ಯ ಇಟಲಿಯ ಟಸ್ಕನಿಯದು ಅಂತ 2017ರಲ್ಲಿ ತಿಳಿಯಿತು. ಅಂದರೆ ನೂರಾರು ಕಿಲೋಮೀಟರ್ ಕೈಯಿಂದ ಕೈಗೆ ದಾಟಿ ಬಂದದ್ದು. ಅವನ ಕರುಳಿನಲ್ಲಿ ದಕ್ಷಿಣದ ಕಣಿವೆಗಳಲ್ಲಿ ಹೂ ಬಿಡುವ ಒಂದು ಮರದ ಹೂಧೂಳಿ ಸಿಕ್ಕಿದೆ. ಹಲ್ಲಿನ ಪರೀಕ್ಷೆಯಲ್ಲಿ ಬಾಲ್ಯ ಕಳೆದದ್ದು ಬ್ರೆನ್ನರ್‌ನಿಂದ ದಕ್ಷಿಣಕ್ಕೆ ಇಳಿಯುವ ಐಸಾಕ್ ಕಣಿವೆಯ ಕಡೆ ಅಂತ ಬಂತು. ಹೊಟ್ಟೆಯಲ್ಲಿ ಕಾಡುಮೇಕೆ ಮತ್ತು ಜಿಂಕೆಯ ಮಾಂಸ, ಜೊತೆಗೆ ಐನ್‌ಕಾರ್ನ್ ಅನ್ನೋ ಹಳೇ ಗೋಧಿ. ಗೋಧಿ ಇದ್ದರೆ ಹೊಲ ಇತ್ತು. ಹೊಲ ಇದ್ದರೆ ಊರು ಇತ್ತು. ಮಗಳಿಗೆ ಹೇಳಿ, ಅವನ ಮನೆಯವರು ಕೆಳಗೆ ಕಣಿವೆಯಲ್ಲೇ ಇದ್ದರು. ಒಂದು ಹಗಲು ನಡೆದರೆ ಸಿಗುವಷ್ಟು ದೂರದಲ್ಲಿ ಊರುಗಳು ಇದ್ದಿರಬೇಕು.

ಗಡಿಯಾರ_ಗೋಪುರ ಅವರೇ, ಬ್ರೆನ್ನರ್ ಹೆಸರಿನ ಬಗ್ಗೆ ಒಂದು ತಿದ್ದುಪಡಿ. ಬ್ರೆಯುನಿ ಅನ್ನೋ ಜನ ನಿಜವಾಗಿ ಇದ್ದರು, ಇನ್ ನದಿಯ ದಡದಲ್ಲಿ. ಆದರೆ ಬ್ರೆನ್ನರ್ ಅನ್ನೋ ಹೆಸರು 13ನೇ ಶತಮಾನದ ದಾಖಲೆಗಳಲ್ಲಿ ಬರುವ ಪ್ರೆನ್ನರ್ ಅನ್ನೋ ರೈತನ ಮನೆಯಿಂದ ಬಂದದ್ದು. ಕಾಡು ಸುಟ್ಟು ಹೊಲ ಮಾಡುವವನು ಅಂತ ಅರ್ಥ. ಒಬ್ಬ ರೈತನ ಹೆಸರು ಯುರೋಪಿನ ದೊಡ್ಡ ದಾರಿಗೆ ಉಳಿದುಕೊಂಡಿದೆ.

ರೋಮನ್ನರ ವಿಷಯ ನಾಳೆ ಬರೆಯುತ್ತೇನೆ, ಈಗ ನಿದ್ದೆ ಬರುತ್ತಿದೆ.

ಹಳೇಲಿಪಿ

ಕೆರೆಏರಿ ಅವರು ಬರುವ ಮುಂಚೆ ನಡುವಿನ ಒಂದು ತುಂಡು ನಾನು ಸೇರಿಸುತ್ತೇನೆ. ನನ್ನ ಆಸಕ್ತಿ ಶಾಸನಗಳು.

ರೋಮನ್ನರಿಗೆ ಮುಂಚೆ ಅಲ್ಲಿದ್ದವರನ್ನು ರೇಟಿ ಅಂತ ಕರೆಯುತ್ತಾರೆ. ಅವರಿಗೆ ಬರವಣಿಗೆ ಗೊತ್ತಿತ್ತು! ಕಂಚಿನ ಪಾತ್ರೆ, ಜಿಂಕೆಕೊಂಬು, ಪುಟ್ಟ ಪ್ರತಿಮೆ, ಇವುಗಳ ಮೇಲೆ ಬರೆಯುತ್ತಿದ್ದರು. ಹೆಚ್ಚಿನವು ದೇವರಿಗೆ ಒಪ್ಪಿಸಿದ ವಸ್ತುಗಳು. ಭಾಷೆ ಲ್ಯಾಟಿನ್ ಅಲ್ಲ, ಜರ್ಮನ್ ಅಲ್ಲ, ಕೆಲ್ಟಿಕ್ ಕೂಡ ಅಲ್ಲ. ಮಧ್ಯ ಇಟಲಿಯ ಎಟ್ರಸ್ಕನ್ ಭಾಷೆಗೆ ನಂಟಿನದು. ಎಟ್ರಸ್ಕನ್‌ನಲ್ಲಿ ಭೂತಕಾಲದ ಕ್ರಿಯಾಪದ "ಕೆ" ಅಂತ ಮುಗಿಯುತ್ತೆ, ರೇಟಿಕ್‌ನಲ್ಲೂ ಹಾಗೇ. ರೋಮ್‌ನ ಇತಿಹಾಸಕಾರ ಲಿವಿ, ಈ ಬೆಟ್ಟದ ಜನ ಎಟ್ರಸ್ಕನ್ನರೇ, ಜಾಗದ ಕಾಡುತನಕ್ಕೆ ಎಲ್ಲ ಮರೆತು ಮಾತಿನ ಧಾಟಿ ಮಾತ್ರ ಉಳಿಸಿಕೊಂಡಿದ್ದಾರೆ, ಅದೂ ಕೆಟ್ಟಿದೆ ಅಂತ ಬರೆದ. ಬಯಲಿನವರು ಬೆಟ್ಟದವರ ಬಗ್ಗೆ ಹೀಗೆ ಬರೆಯುವುದನ್ನು ಓದಿದಾಗ ನನಗೆ ಬೇಜಾರಾಗುತ್ತೆ. ಎರಡೂ ಒಂದೇ ಬೇರಿನ ಬೇರೆ ಬೇರೆ ಕೊಂಬೆಗಳು ಅಂತ ನೋಡುವುದೇ ಸರಿ.

ಕೆರೆಏರಿ ಅವರ ಹೊಸ್ತಿಲಿನ ಮಾತಿಗೆ ಇದು ಚೆನ್ನಾಗಿ ಹೊಂದುತ್ತೆ: ಕ್ರಿಸ್ತಪೂರ್ವ 5ನೇ ಶತಮಾನದಿಂದ ರೋಮನ್ನರು ಬರುವ ತನಕ ಅಲ್ಲಿದ್ದ ಸಂಸ್ಕೃತಿಗೆ ಪುರಾತತ್ವದವರು ಫ್ರಿಟ್ಸೆನ್ಸ್-ಸಾನ್ಜೆನೋ ಅಂತ ಹೆಸರಿಟ್ಟಿದ್ದಾರೆ. ಫ್ರಿಟ್ಸೆನ್ಸ್ ಇರುವುದು ಇನ್ಸ್‌ಬ್ರುಕ್ ಹತ್ತಿರ, ಆಸ್ಟ್ರಿಯದಲ್ಲಿ. ಸಾನ್ಜೆನೋ ಇರುವುದು ನೋನ್ ಕಣಿವೆಯಲ್ಲಿ, ಇಟಲಿಯಲ್ಲಿ. ಬೆಟ್ಟದ ಎರಡೂ ಕಡೆ ಒಂದೇ ತರಹದ ಬಟ್ಟಲು, ಒಂದೇ ತರಹದ ಮನೆ. ಮನೆಯ ಕೆಳಭಾಗವನ್ನು ಇಳಿಜಾರಿನೊಳಗೆ ಅಗೆದು ಕಲ್ಲು ಕಟ್ಟುತ್ತಿದ್ದರು, ಮೇಲೆ ಮರ.

ಕೆರೆಏರಿ

ಹಳೇಲಿಪಿ ಅವರೇ, ನನ್ನ ಕೆಲಸ ಅರ್ಧ ಮಾಡಿದಿರಿ, ಧನ್ಯವಾದ.

ರೋಮನ್ನರು ಬಂದದ್ದು ಕ್ರಿಸ್ತಪೂರ್ವ 15ರಲ್ಲಿ. ಚಕ್ರವರ್ತಿ ಆಗಸ್ಟಸ್‌ನ ಮಲಮಕ್ಕಳು ಇಬ್ಬರು, ದ್ರೂಸಸ್ ಮತ್ತು ಟೈಬೀರಿಯಸ್. ದ್ರೂಸಸ್ ದಕ್ಷಿಣದಿಂದ ಆದಿಜೆ ನದಿಯ ಗುಂಟ ಹತ್ತಿ ಬಂದ. ಟೈಬೀರಿಯಸ್ ಪಶ್ಚಿಮದಿಂದ. ಒಂದೇ ಬೇಸಿಗೆಯಲ್ಲಿ ಮುಗಿಸಿದರು. ಇಡೀ ಆಲ್ಪ್ಸ್ ಗೆದ್ದದ್ದರ ನೆನಪಿಗೆ ಮೊನಾಕೋದ ಮೇಲಿನ ಲಾ ತುರ್ಬಿಯಲ್ಲಿ ಒಂದು ದೊಡ್ಡ ಸ್ಮಾರಕ ಕಟ್ಟಿದರು. ಅದರಲ್ಲಿ ಸೋಲಿಸಿದ 45 ಬುಡಕಟ್ಟುಗಳ ಹೆಸರು ಕೆತ್ತಿದ್ದಾರೆ. ಖಾಲಿ ಬೆಟ್ಟವನ್ನು ಗೆಲ್ಲೋದಕ್ಕೆ 45 ಹೆಸರು ಬೇಕಾ? ನಿಮ್ಮ ಗೈಡ್‌ಗೆ ರೋಮನ್ನರೇ ಕೊಟ್ಟ ಉತ್ತರ ಇದು.

ಆ ಪಟ್ಟಿಯಲ್ಲಿ ವೆನೋಸ್ತೆಸ್ ಇದ್ದಾರೆ. ಅವರ ಕಣಿವೆಗೆ ಈಗಲೂ ವಿನ್ಶ್‌ಗಾವ್ ಅಂತ ಹೆಸರು, ಇಟಾಲಿಯನ್‌ನಲ್ಲಿ ವೆನೋಸ್ತಾ. ಇಸಾರ್ಚಿ ಇದ್ದಾರೆ, ಅವರ ಹೆಸರು ಐಸಾಕ್ ನದಿಯ ಜೊತೆ ಹರಿಯುತ್ತಿದೆ. ಬ್ರೆಯುನಿ ಇದ್ದಾರೆ. ಸೋತವರ ಹೆಸರನ್ನು ಗೆದ್ದವರು ಕಲ್ಲಿನಲ್ಲಿ ಬರೆದರು. ಬದುಕಿದ ಜನ ಅದನ್ನು ಬಾಯಲ್ಲಿ ಎರಡು ಸಾವಿರ ವರ್ಷ ಉಳಿಸಿಕೊಂಡರು. ನನಗೆ ಎರಡನೆಯದೇ ದೊಡ್ಡದು.

ದ್ರೂಸಸ್ ಗುರುತು ಹಾಕಿದ ದಾರಿಯನ್ನು ಅವನ ಮಗ ಕ್ಲಾಡಿಯಸ್ ಚಕ್ರವರ್ತಿ ಆದಮೇಲೆ ಪಕ್ಕಾ ರಸ್ತೆ ಮಾಡಿಸಿದ. ವಿಯಾ ಕ್ಲಾಡಿಯಾ ಆಗಸ್ಟಾ. ಬೋಲ್ಜಾನೋ ಕಡೆಯ ಮೆರಾನ್ ಊರಿನ ಹತ್ತಿರ ರಾಬ್‌ಲಾಂಡ್‌ನಲ್ಲಿ ಆ ರಸ್ತೆಯ ಮೈಲಿಗಲ್ಲು ಸಿಕ್ಕಿದೆ, ಕ್ರಿಸ್ತಶಕ 46ರದ್ದು. ಅದರಲ್ಲಿ, ನನ್ನ ಅಪ್ಪ ಯುದ್ಧದಿಂದ ಆಲ್ಪ್ಸ್ ತೆರೆದು ಈ ದಾರಿ ಹಾಕಿದ, ನಾನು ಪೋ ನದಿಯಿಂದ ಡ್ಯಾನ್ಯೂಬ್ ನದಿಯ ತನಕ 350 ಮೈಲಿ ಕಟ್ಟಿಸಿದೆ ಅಂತ ಬರೆಸಿದ್ದಾನೆ. ರಸ್ತೆ ಹೋಗೋದು ಸುಮಾರು 1,500 ಮೀಟರ್ ಎತ್ತರದ ರೆಷೆನ್ ಕಣಿವೆದಾರಿಯ ಮೇಲೆ. ಬ್ರೆನ್ನರ್ ಇನ್ನೂ ತಗ್ಗು, 1,370 ಮೀಟರ್, ಆದರೆ ಐಸಾಕ್‌ನ ಇಕ್ಕಟ್ಟಿನ ಕಮರಿಯಲ್ಲಿ ಮೊದಮೊದಲು ಗಾಡಿರಸ್ತೆ ಕಷ್ಟ. ಬ್ರೆನ್ನರ್ ದಾರಿ ದೊಡ್ಡದಾದದ್ದು ಆಮೇಲೆ.

ರೋಮನ್ನರ ಲ್ಯಾಟಿನ್ ನಿಧಾನಕ್ಕೆ ಹಳ್ಳಿಗಳಿಗೆ ಇಳಿಯಿತು. ರೇಟಿಕ್ ಭಾಷೆ ಮರೆಯಾಯಿತು. ಆ ಬೆಟ್ಟದ ಲ್ಯಾಟಿನ್‌ನ ಮೊಮ್ಮಗಳೇ ನೀವು ಕೇಳಿದ ಲಾದಿನ್. ಡೊಲೊಮೈಟ್ಸ್‌ನ ಸೆಲ್ಲಾ ಬೆಟ್ಟದ ಸುತ್ತಿನ ಕಣಿವೆಗಳಲ್ಲಿ ಈಗ ಸುಮಾರು 30 ಸಾವಿರ ಜನ ಮಾತಾಡುತ್ತಾರೆ. ಅದರ ಅಕ್ಕ ರೊಮಾನ್ಶ್ ಸ್ವಿಟ್ಜರ್ಲೆಂಡಿನಲ್ಲಿದೆ. ವಿನ್ಶ್‌ಗಾವ್‌ನ ಮೇಲ್ಭಾಗದಲ್ಲೂ 17ನೇ ಶತಮಾನದ ತನಕ ಅದೇ ಮಾತಿತ್ತು.

ಜರ್ಮನ್ ಬಂದದ್ದು ಬವೇರಿಯನ್ನರ ಜೊತೆ, 6ನೇ ಶತಮಾನದ ಹೊತ್ತಿಗೆ. ಫೋರ್ತುನಾತುಸ್ ಅನ್ನೋ ಕವಿ ಇಟಲಿಯಿಂದ ಈ ಬೆಟ್ಟಗಳನ್ನು 565ರಲ್ಲಿ ದಾಟಿ ಹೋದ. ಆಮೇಲೆ ತನ್ನ ಪುಸ್ತಕವನ್ನೇ ವಾಪಸ್ ಊರಿಗೆ ಕಳಿಸುವ ಹಾಗೆ ಬರೆಯುತ್ತಾ ಅದಕ್ಕೆ ದಾರಿ ಹೇಳುತ್ತಾನೆ: ದಾರಿ ತೆರವಾಗಿದ್ದರೆ, ಬವೇರಿಯದವನು ಅಡ್ಡ ಹಾಕದಿದ್ದರೆ, ಬ್ರೆಯುನಿಗಳ ಊರಿನ ಮೇಲೆ ಇನ್ ನದಿಯ ಕಡೆಯಿಂದ ಆಲ್ಪ್ಸ್ ಹತ್ತು. ನೋಡಿ, ರೋಮ್ ಬಿದ್ದು ಹೋಗಿದೆ, ಬ್ರೆಯುನಿಗಳು ಇನ್ನೂ ಅಲ್ಲೇ ಇದ್ದಾರೆ. ದಾರಿಯೂ ಇದೆ.

ಶ್ರಾವಣಿ_ಮ್ಯೂನಿಕ್

ನಿನ್ನೆ ರಾತ್ರಿ ಮಗಳಿಗೆ ಕೆಂಡದ ಡಬ್ಬಿಯ ಕತೆ ಹೇಳಿದೆ. ಬೆಳಿಗ್ಗೆ ಎದ್ದು ಎಲೆಯಲ್ಲಿ ಏನೇನೋ ಸುತ್ತಿ ಇಡುತ್ತಿದ್ದಾಳೆ.

ಮುಂದಿನ ತಿಂಗಳು ಮತ್ತೆ ಆ ಕಡೆ ಹೋಗುವ ಯೋಚನೆ ಇದೆ. ಕೋಟೆಗಳಿಗಿಂತ ಮುಂಚಿನದು, ಆದರೆ ಮಕ್ಕಳಿಗೆ ಕಣ್ಣಿಗೆ ಕಾಣುವಂತಹದು ಏನಿದೆ? ಮತ್ತೆ ಟಿರೋಲ್ ಅನ್ನೋ ಹೆಸರು ಎಲ್ಲಿಂದ ಬಂತು? ಬುಡಕಟ್ಟಿನ ಪಟ್ಟಿಯಲ್ಲಿ ಅದು ಇಲ್ಲ ಅಲ್ವಾ?

ಹಳೇಲಿಪಿ

ನೀವು ಹೋದರೆ ಪೂರ್ವದ ಕಡೆ ಇನ್ನಿಕೆನ್ ಅನ್ನೋ ಊರಿದೆ, ಇಟಾಲಿಯನ್‌ನಲ್ಲಿ ಸಾನ್ ಕಾಂದಿದೋ. ಅದರ ಬಗ್ಗೆ ಒಂದು ದಾನಪತ್ರ ನನಗೆ ತುಂಬಾ ಇಷ್ಟ. 769ರಲ್ಲಿ ಬವೇರಿಯದ ಡ್ಯೂಕ್ ಮೂರನೇ ತಸ್ಸಿಲೋ ಇಟಲಿಯಿಂದ ವಾಪಸ್ ಬರುತ್ತಾ ಬೋಲ್ಜಾನೋದಲ್ಲಿ ಬರೆಸಿದ್ದು. ಅಲ್ಲಿ ಮಠ ಕಟ್ಟುವುದಕ್ಕೆ ಆತ್ತೋ ಅನ್ನೋ ಮಠಾಧಿಪತಿಗೆ ಭೂಮಿ ಕೊಡುತ್ತಾನೆ. ಪೂರ್ವದಿಂದ ಬಂದು ನೆಲೆಸಿದ್ದ ಸ್ಲಾವ್ ಜನರನ್ನು ಕ್ರೈಸ್ತರನ್ನಾಗಿ ಮಾಡುವುದು ಉದ್ದೇಶ. ಪತ್ರದಲ್ಲಿ ಆ ಜಾಗದ ಹೆಸರು "ಇಂಡಿಯಾ" ಅಂತ ಇದೆ! ಜನ ಅದನ್ನು ಕಾಂಪೋ ಜೆಲಾವ್ ಅಂತಾರೆ, ಅಂದರೆ ಚಳಿಗದ್ದೆ, ಅಂತಲೂ ಬರೆದಿದ್ದಾರೆ. ನಮ್ಮ ದೇಶಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ, ಅಲ್ಲಿನದೇ ಹಳೇ ಹೆಸರು, ಅದೇ ಇನ್ನಿಕೆನ್ ಆಯಿತು. ಆದರೂ ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಅದೇ ಪತ್ರದಲ್ಲಿ ಆ ಜಾಗ ಹಳೇ ಕಾಲದಿಂದ ಖಾಲಿ, ವಾಸಕ್ಕೆ ಆಗದ್ದು ಅಂತಲೂ ಬರೆದಿದ್ದಾರೆ. ನಿಮ್ಮ ಗೈಡ್ ಹೇಳಿದ ಹಾಗೇ. ಆದರೆ ಖಾಲಿ ಜಾಗಕ್ಕೆ ಎರಡು ಹೆಸರು ಇರುತ್ತಾ? ಒಂದು ಹಳೆಯದು, ಇನ್ನೊಂದು ಊರ ಜನ ಲ್ಯಾಟಿನ್‌ನ ಆಡುಮಾತಿನಲ್ಲಿ ಕರೆಯುವುದು. ಶಾಸನ, ದಾನಪತ್ರ ಓದುವವರು ಇದನ್ನು ನೆನಪಿಡಬೇಕು. ಭೂಮಿ ಕೊಡುವವನಿಗೆ ಅದು ಖಾಲಿ ಅಂತ ಬರೆಯುವುದು ಅನುಕೂಲ.

ಕೆರೆಏರಿ

ಇದು ನನಗೆ ಗೊತ್ತೇ ಇರಲಿಲ್ಲ. ತುಂಬಾ ಚೆನ್ನಾಗಿದೆ.

ಶ್ರಾವಣಿ ಅವರೇ, ಮಕ್ಕಳಿಗೆ ತೋರಿಸುವುದಕ್ಕೆ ನಾತುರ್ನ್ಸ್ ಅನ್ನೋ ಊರಿಗೆ ಹೋಗಿ. ಮೆರಾನ್‌ನಿಂದ ರೈಲಿನಲ್ಲಿ ಸ್ವಲ್ಪ ದೂರ. ಅಲ್ಲಿ ಸೇಂಟ್ ಪ್ರೊಕುಲುಸ್ ಅನ್ನೋ ಪುಟ್ಟ ಚರ್ಚು ಇದೆ, ಸೇಬಿನ ತೋಟಗಳ ನಡುವೆ. ಹೊರಗಿನಿಂದ ನೋಡಿದರೆ ಏನೂ ಅನ್ನಿಸೋದಿಲ್ಲ. ಒಳಗೆ ಗೋಡೆಯ ಮೇಲೆ ಕಂದು, ಕೆಂಪು, ಹಳದಿ ಬಣ್ಣದ ಚಿತ್ರಗಳು. ಒಬ್ಬ ಮನುಷ್ಯ ಹಗ್ಗದ ಮೇಲೆ ಕೂತಿದ್ದಾನೆ, ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದಾನೆ. ಥೇಟ್ ಉಯ್ಯಾಲೆ. ಕಣ್ಣು ಅಗಲ, ತಲೆ ಒಂದು ಚೂರು ವಾಲಿದೆ. ಸಂತ ಪ್ರೊಕುಲುಸ್‌ನನ್ನು ವೆರೋನಾದ ಗೋಡೆಯಿಂದ ಕೆಳಗಿಳಿಸುತ್ತಿರುವುದು ಅಂತ ಕೆಲವರು, ಸಂತ ಪಾಲ್‌ನನ್ನು ದಮಾಸ್ಕಸ್‌ನಿಂದ ಇಳಿಸುತ್ತಿರುವುದು ಅಂತ ಕೆಲವರು ಹೇಳುತ್ತಾರೆ. ಊರವರು ಅವನನ್ನು ಉಯ್ಯಾಲೆಯವನು ಅಂತಲೇ ಕರೆಯುತ್ತಾರೆ. ಇನ್ನೊಂದು ಗೋಡೆಯಲ್ಲಿ ದನಗಳ ಮಂದೆ, ಜೊತೆಗೆ ಒಂದು ನಾಯಿ. ಆ ದನಗಳ ಮುಖ ನೋಡಿದರೆ ಬಿಡಿಸಿದವನು ದಿನಾ ದನ ನೋಡಿದವನು ಅಂತ ಗೊತ್ತಾಗುತ್ತೆ. ಜರ್ಮನ್ ಮಾತಾಡುವ ನಾಡುಗಳಲ್ಲಿ ಉಳಿದಿರುವ ತೀರಾ ಹಳೇ ಗೋಡೆಚಿತ್ರಗಳಲ್ಲಿ ಇವೂ ಸೇರಿವೆ.

ಟಿರೋಲ್ ಹೆಸರು ನಿಜವಾಗಿ ತಡವಾಗಿ ಬಂದದ್ದು. ಅದಕ್ಕೂ ದಾರಿಯೇ ಕಾರಣ. ಜರ್ಮನ್ ರಾಜರು ಚಕ್ರವರ್ತಿ ಆಗಬೇಕಾದರೆ ರೋಮ್‌ಗೆ ಹೋಗಿ ಪೋಪ್ ಕೈಯಿಂದ ಕಿರೀಟ ಹಾಕಿಸಿಕೊಳ್ಳಬೇಕಿತ್ತು. ಹೋಗುವ ದಾರಿ ಈ ಕಣಿವೆಗಳು. ಇಲ್ಲಿ ಯಾರಾದರೂ ಬಲವಾದ ಪಾಳೆಗಾರ ಕೂತು ಅಡ್ಡ ಹಾಕಿದರೆ ಕಿರೀಟ ಇಲ್ಲ. ಹಾಗಾಗಿ ಎರಡನೇ ಕಾನ್ರಾಡ್ 1027ರಲ್ಲಿ ಪಟ್ಟ ಕಟ್ಟಿಸಿಕೊಂಡು ವಾಪಸ್ ಬರುವಾಗ ಈ ಪ್ರಾಂತ್ಯಗಳನ್ನು ಟ್ರೆಂಟೋ ಮತ್ತು ಬ್ರಿಕ್ಸೆನ್‌ನ ಬಿಷಪ್ಪರಿಗೆ ಕೊಟ್ಟುಬಿಟ್ಟ. ಬಿಷಪ್ಪರಿಗೆ ವಂಶ ಇರೋದಿಲ್ಲ, ಒಬ್ಬರು ಹೋದಮೇಲೆ ಇನ್ನೊಬ್ಬರನ್ನು ತಾನೇ ನೇಮಿಸಬಹುದು.

ಬಿಷಪ್ಪರು ತಮ್ಮ ಪರವಾಗಿ ಕತ್ತಿ ಹಿಡಿಯೋಕೆ, ನ್ಯಾಯ ಹೇಳೋಕೆ ಸಾಮಂತರನ್ನು ಇಟ್ಟುಕೊಂಡರು. ಅವರಲ್ಲಿ ಒಂದು ಮನೆತನ ಮೆರಾನ್ ಮೇಲಿನ ಗುಡ್ಡದಲ್ಲಿ ಟಿರೋಲ್ ಅನ್ನೋ ಹಳ್ಳಿಯ ಪಕ್ಕ ಕೋಟೆ ಕಟ್ಟಿತು. 12ನೇ ಶತಮಾನದ ನಡುವಿನಿಂದ ಅವರು ಟಿರೋಲ್ ಕೌಂಟ್‌ಗಳು. ಮುಂದೆ ಎರಡನೇ ಮೈನ್‌ಹಾರ್ಡ್ ಅನ್ನೋನು ಬಿಷಪ್ಪರ ಕೈಯಿಂದ ಹೆಚ್ಚುಕಡಿಮೆ ಎಲ್ಲ ಕಿತ್ತುಕೊಂಡ. 1295ರಲ್ಲಿ ಅವನು ಸಾಯುವಾಗ ಬೆಟ್ಟದ ಎರಡೂ ಕಡೆ ಒಂದೇ ನಾಡು ಆಗಿತ್ತು, ಅದರ ಹೆಸರು ಟಿರೋಲ್. ಕೊನೆಗೆ 1363ರಲ್ಲಿ ಮಾರ್ಗರೆಟೆ ಅನ್ನೋ ಕೌಂಟೆಸ್, ಒಬ್ಬನೇ ಮಗ ತೀರಿಕೊಂಡಮೇಲೆ, ನಾಡನ್ನು ಆಸ್ಟ್ರಿಯ ಆಳುತ್ತಿದ್ದ ಹಾಪ್ಸ್‌ಬುರ್ಗ್ ಮನೆತನದ ನಾಲ್ಕನೇ ರುಡಾಲ್ಫ್‌ಗೆ ಒಪ್ಪಿಸಿದಳು. ರಾಜರ ಕತೆ ನನಗೆ ಇಷ್ಟು ಸಾಕು.

ನನಗೆ ಜಾಸ್ತಿ ಹತ್ತಿರ ಆದದ್ದು ರೈತರದು. ಆ ಕಾಲದಲ್ಲಿ ಒಡೆಯರು ಎತ್ತರದ ಜಾಗಗಳಲ್ಲಿ ಹಸು ಕೊಟ್ಟು ಒಕ್ಕಲು ಕೂರಿಸಿದರು. ಶ್ವೈಗ್‌ಹೋಫ್ ಅಂತಾರೆ. ಧಾನ್ಯ ಬೆಳೆಯದ ಎತ್ತರ, ಹಾಲೇ ಬದುಕು. ವರ್ಷಕ್ಕೆ ಗೇಣಿ 300 ಗುಂಡು ಚೀಸ್. ಅಂತಹ ಒಂದು ಮನೆ ಫೆಂಟ್ ಊರಿನ ಮೇಲೆ ರೋಫೆನ್‌ನಲ್ಲಿ ಇದೆ, 2,000 ಮೀಟರ್ ಎತ್ತರದಲ್ಲಿ. ಈಗಲೂ ಜನ ಇದ್ದಾರೆ. ಫೆಂಟ್ ಇರುವುದು ಉತ್ತರದ ಓಟ್ಜ್ ಕಣಿವೆಯ ತುದಿಯಲ್ಲಿ. ನೀರು ಉತ್ತರಕ್ಕೆ ಹರಿಯುತ್ತೆ. ಆದರೆ 19ನೇ ಶತಮಾನದ ಆರಂಭದ ತನಕ ಅವರ ಚರ್ಚು, ಕೋರ್ಟು ಎಲ್ಲ ದಕ್ಷಿಣದ ವಿನ್ಶ್‌ಗಾವ್‌ಗೆ ಸೇರಿತ್ತು. ಮದುವೆ, ವ್ಯಾಜ್ಯ ಏನಿದ್ದರೂ 3,000 ಮೀಟರ್ ಸಾಲು ದಾಟಬೇಕು. ಯಾಕೆ ಅಂದರೆ ಅವರ ಬಳಗ ಬಂದದ್ದೇ ಆ ಕಡೆಯಿಂದ.

ಈಗಲೂ ದಕ್ಷಿಣದ, ಇಟಲಿ ಕಡೆಯ ಶ್ನಾಲ್ಸ್ ಕಣಿವೆಯ ಕುರಿಗಳು ಜೂನ್‌ನಲ್ಲಿ ಆ ಸಾಲು ದಾಟಿ ಫೆಂಟ್ ಕಡೆಯ ಹುಲ್ಲಿಗೆ ಹೋಗುತ್ತವೆ. ಸೆಪ್ಟೆಂಬರ್‌ನಲ್ಲಿ ವಾಪಸ್. ಆ ಹುಲ್ಲಿನ ಹಕ್ಕಿನ ಬಗ್ಗೆ 1415ರ ಕರಾರು ಇದೆ. ರಾಜರು ಬದಲಾದರು, 1919ರಲ್ಲಿ ದೇಶ ಬದಲಾಯಿತು, ಕುರಿಗಳ ದಾರಿ ಬದಲಾಗಲಿಲ್ಲ. ನಾನು ನಾಲ್ಕು ವರ್ಷದ ಹಿಂದೆ, ಅವು ವಾಪಸ್ ಬರುವಾಗ, ಶ್ನಾಲ್ಸ್‌ನ ಫೆರ್ನಾಗ್ಟ್ ಊರಿನಲ್ಲಿ ನಿಂತು ನೋಡಿದ್ದೆ. ಮೊದಲು ಸದ್ದು ಬಂತು, ಗಂಟೆಯದಲ್ಲ, ಕಲ್ಲಿನದು. ಸಾವಿರಾರು ಗೊರಸು ಸಡಿಲ ಕಲ್ಲನ್ನು ಉರುಳಿಸುವ ಸದ್ದು. ಆಮೇಲೆ ಬೆಟ್ಟದ ಅಂಚಿನಿಂದ ಬಿಳಿ ಗೆರೆಯೊಂದು ಇಳಿಯತೊಡಗಿತು. ಒಬ್ಬ ಕುರುಬನ ಹೆಗಲಚೀಲದಿಂದ ಬೇಸಿಗೆಯಲ್ಲಿ ಹುಟ್ಟಿದ ಮರಿಯ ತಲೆ ಹೊರಗೆ ಇಣುಕುತ್ತಿತ್ತು. ಅವರು ಹೋಗುವ ಒಂದು ದಾರಿ ಓಟ್ಜಿ ಸಿಕ್ಕಿದ ಜಾಗದ ಪಕ್ಕದಲ್ಲೇ ಹಾದುಹೋಗುತ್ತೆ. ಓಟ್ಜಿ ಕುರುಬ ಅಂತ ಮೊದಲು ಹಲವರು ಹೇಳುತ್ತಿದ್ದರು, ಅದಕ್ಕೆ ಗಟ್ಟಿ ಆಧಾರ ಇಲ್ಲ. ಆದರೆ ಅವನ ಕೋಟು ಕುರಿ ಮತ್ತು ಮೇಕೆಯ ಚರ್ಮದ್ದು, ಅದು ಖಾತ್ರಿ.

ಕೊನೆಗೆ ಒಂದು, ಇದಕ್ಕಾಗಿಯೇ ನಾನು ವಿನ್ಶ್‌ಗಾವ್‌ಗೆ ಮತ್ತೆ ಮತ್ತೆ ಹೋಗುವುದು. ಆ ಕಣಿವೆಯಲ್ಲಿ ಮಳೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ನಮ್ಮ ಚಿತ್ರದುರ್ಗದ ಕಡೆಗಿಂತಲೂ ಸ್ವಲ್ಪ ಕಡಿಮೆಯೇ. ಹಿಮಗಡ್ಡೆಯಿಂದ ಬರುವ ಹಳ್ಳಗಳ ನೀರನ್ನು ಬೆಟ್ಟದ ಪಕ್ಕೆಯಲ್ಲಿ ಕಾಲುವೆ ಮಾಡಿ ಹೊಲಕ್ಕೆ ತರುತ್ತಾರೆ. ಮಧ್ಯಯುಗದಿಂದ ದಾಖಲೆ ಇದೆ. ಆ ಕಾಲುವೆಗೆ ವಾಲ್ ಅಂತಾರೆ, ಲ್ಯಾಟಿನ್‌ನ ಆಕ್ವಾಲೆ ಅನ್ನೋ ಮಾತಿನಿಂದ ಬಂದದ್ದು. ಜನ ಜರ್ಮನ್ ಮಾತಾಡಲು ಕಲಿತರು, ನೀರಿನ ಹೆಸರು ಮಾತ್ರ ಹಳೆಯದೇ ಉಳಿಯಿತು. ಅದನ್ನು ನೋಡಿಕೊಳ್ಳುವವನು ವಾಲರ್. ನಮ್ಮಜ್ಜ ಊರ ಕೆರೆಯ ನೀರುಗಂಟಿ ಆಗಿದ್ದರು, ಹಾಗಾಗಿ ಈ ಕೆಲಸ ಏನು ಅಂತ ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಯಾರಿಗೆ ಎಷ್ಟು ಹೊತ್ತು ನೀರು ಅಂತ ಲೆಕ್ಕ ಇರುತ್ತೆ, ರಾತ್ರಿಯ ಪಾಳಿಯೂ ಇರುತ್ತೆ.

ಕಾಲುವೆಯೊಳಗೆ ಒಂದು ಪುಟ್ಟ ಮರದ ಚಕ್ರ ಇಟ್ಟಿರುತ್ತಾರೆ. ನೀರು ಅದನ್ನು ತಿರುಗಿಸುತ್ತೆ. ಚಕ್ರ ಒಂದು ಸುತ್ತು ಬಂದಾಗ ಸುತ್ತಿಗೆ ಎದ್ದು ಗಂಟೆಗೆ ಬಡಿಯುತ್ತೆ. ಟಣ್. ಸ್ವಲ್ಪ ಹೊತ್ತಿಗೆ ಮತ್ತೆ ಟಣ್. ವಾಲರ್ ತನ್ನ ಗುಡಿಸಿಲಲ್ಲಿ ಮಲಗಿದ್ದರೂ ಅದು ಕೇಳುತ್ತಿರುತ್ತೆ. ಗಂಟೆ ನಿಂತರೆ ಅವನಿಗೆ ಎಚ್ಚರ. ಎಲ್ಲೋ ಕಲ್ಲು ಬಿದ್ದಿದೆ, ಇಲ್ಲ ಕಾಲುವೆ ಒಡೆದಿದೆ. ಎದ್ದು ಗುದ್ದಲಿ ಹಿಡಿದು ಹೊರಡುತ್ತಾನೆ. ಮೆರಾನ್ ಸುತ್ತ ಆಲ್ಗುಂಡ್, ಮಾರ್ಲಿಂಗ್ ಕಾಲುವೆಗಳ ಪಕ್ಕ ನಡೆಯುವ ದಾರಿ ಇದೆ, ಮಕ್ಕಳೂ ನಡೆಯಬಹುದು. ಮಾರ್ಲಿಂಗ್‌ನದು 18ನೇ ಶತಮಾನದ್ದು, ಅಷ್ಟು ಹಳೆಯದಲ್ಲ. ಆದರೆ ಗಂಟೆ ಅದೇ ತರಹದ್ದು.

ಗಡಿಯಾರ_ಗೋಪುರ

ಬ್ರೆನ್ನರ್ ತಿದ್ದುಪಡಿಗೆ ಧನ್ಯವಾದ. ನಾನು ಎಷ್ಟೋ ಜನರಿಗೆ ತಪ್ಪಾಗಿ ಹೇಳಿದ್ದೇನೆ, ಇನ್ನು ಸರಿ ಹೇಳುತ್ತೇನೆ.

ಶ್ರಾವಣಿ_ಮ್ಯೂನಿಕ್

ಐದು ವಾರ ಆದಮೇಲೆ ಬರೆಯುತ್ತಿದ್ದೇನೆ. ಹೋಗಿ ಬಂದೆವು.

ನಾತುರ್ನ್ಸ್ ಚರ್ಚಿನಲ್ಲಿ ನಾವು ಮೂರು ಜನ, ಇನ್ನಿಬ್ಬರು ಮುದುಕರು, ಅಷ್ಟೇ. ಮಗಳು ಉಯ್ಯಾಲೆಯವನ ಎದುರು ನಿಂತು ತಾನೂ ಎರಡು ಕೈ ಮೇಲೆತ್ತಿ ಹಗ್ಗ ಹಿಡಿದ ಹಾಗೆ ಮಾಡಿದಳು. ದನಗಳನ್ನು ಎಣಿಸಿದಳು. ನಾಯಿ ಮೊದಲು ನನ್ನ ಕಣ್ಣಿಗೆ ಬೀಳಲಿಲ್ಲ, ಅವಳೇ ತೋರಿಸಿದಳು.

ಆಲ್ಗುಂಡ್ ಕಾಲುವೆಯ ದಾರಿಯಲ್ಲಿ ಗಂಟೆ ನೋಡುವ ಮೊದಲೇ ಕೇಳಿಸಿತು. ದ್ರಾಕ್ಷಿ ತೋಟದ ತಿರುವಿನಲ್ಲಿ ಚಕ್ರ ಸಿಕ್ಕಿತು. ಮಗಳು ಸ್ವಲ್ಪ ಹೊತ್ತು ನೋಡಿ, ನೆಲದಲ್ಲಿದ್ದ ಕಡ್ಡಿಯೊಂದನ್ನು ಚಕ್ರಕ್ಕೆ ಅಡ್ಡ ಇಟ್ಟಳು. ಗಂಟೆ ನಿಂತಿತು. ಅವಳು ಬೆಟ್ಟದ ಕಡೆ ತಿರುಗಿ ಯಾರಾದರೂ ಬರುತ್ತಾರಾ ಅಂತ ನೋಡುತ್ತಾ ನಿಂತಳು. "ಪಾಪ, ಮಲಗಿರ್ತಾರೆ, ತೆಗಿ" ಅಂದೆ. ತೆಗೆದಳು. ನೀರು ಒಂದು ಸಲ ಉಕ್ಕಿ ಚಕ್ರ ತಿರುಗಿತು, ಟಣ್ ಅಂತು.